ವಿದೇಶಿ ನೆರವು: ಪರಿಹಾರದಿಂದ ಚೇತರಿಕೆಯವರೆಗೆ

ಒಂದು ದೇಶದ ಸರ್ಕಾರವು ನೇರವಾಗಿ ಅಥವಾ ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ ಇನ್ನೊಂದು ದೇಶದ ಜನರಿಗೆ ಹಣ, ಸಾಮಗ್ರಿ ಅಥವಾ ಪರಿಣತಿಯನ್ನು ಒದಗಿಸುವುದನ್ನು ವಿದೇಶಿ ನೆರವು ಎನ್ನುತ್ತೇವೆ. ದಿನಬಳಕೆಯಲ್ಲಿ ಸಡಿಲವಾಗಿರುವ ಈ ಪದಕ್ಕೆ ಲೆಕ್ಕಪತ್ರಗಳಲ್ಲಿ ಬಿಗಿಯಾದ ಅರ್ಥವಿದೆ. ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿಯು 1969ರಲ್ಲಿ ‘ಅಧಿಕೃತ ಅಭಿವೃದ್ಧಿ ನೆರವು’ ಎಂಬ ಅಳತೆಗೋಲನ್ನು ರೂಪಿಸಿತು. ಅದರಂತೆ ಹಣವು ಸರ್ಕಾರಿ ಮೂಲದ್ದಾಗಿರಬೇಕು, ಪಡೆಯುವ ದೇಶದ ಆರ್ಥಿಕ ಅಭಿವೃದ್ಧಿ ಮತ್ತು ಜನಕಲ್ಯಾಣವೇ ಅದರ ಮುಖ್ಯ ಉದ್ದೇಶವಾಗಿರಬೇಕು, ಅನುದಾನವಾಗಿಯೋ ಮಾರುಕಟ್ಟೆಗಿಂತ ಸುಲಭ ಷರತ್ತಿನ ಸಾಲವಾಗಿಯೋ ಅದು ಸಿಗಬೇಕು. ಸೇನಾ ಸಾಮಗ್ರಿಯನ್ನು ಉಚಿತವಾಗಿ ಕೊಟ್ಟರೂ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ಶ್ರೀಮಂತ ದೇಶಗಳು ತಮ್ಮ ಒಟ್ಟು ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ಇದಕ್ಕೆ ಮೀಸಲಿಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿ ಗುರಿ ಹಾಕಿತು; ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಕೆಲವೇ ದೇಶಗಳು ಅದನ್ನು ದೀರ್ಘಕಾಲ ಪಾಲಿಸಿವೆ.

ಈ ಒಂದೇ ಪದದೊಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಮೊದಲನೆಯದು ಜೀವ ಉಳಿಸುವ ಮಾನವೀಯ ನೆರವು, ಎರಡನೆಯದು ಬದುಕನ್ನು ಮತ್ತೆ ಕಟ್ಟುವ ಅಭಿವೃದ್ಧಿ ನೆರವು. ಮಾನವೀಯತೆ, ತಟಸ್ಥತೆ, ನಿಷ್ಪಕ್ಷಪಾತ ಎಂಬ ಮೂರು ತತ್ವಗಳ ಮೇಲೆ ಮೊದಲನೆಯದನ್ನು ನಡೆಸಬೇಕೆಂದು ವಿಶ್ವಸಂಸ್ಥೆಯು 1991ರಲ್ಲಿ ನಿರ್ಣಯಿಸಿತು. 1994ರಲ್ಲಿ ರುವಾಂಡಾದಿಂದ ಓಡಿಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿ ಅಪಾರ ಸಾವು ಸಂಭವಿಸಿದ ಬಳಿಕ ನೆರವು ಸಂಸ್ಥೆಗಳು ‘ಸ್ಫಿಯರ್’ ಎಂಬ ಕನಿಷ್ಠ ಮಾನದಂಡಗಳನ್ನು ರಚಿಸಿಕೊಂಡವು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಸಿಗಬೇಕು ಎಂಬುದು ಅವುಗಳಲ್ಲೊಂದು. ಅಭಿವೃದ್ಧಿ ನೆರವಿನ ನಡಿಗೆ ಬೇರೆ: ಅದು ಪಡೆಯುವ ಸರ್ಕಾರದೊಡನೆ ಮಾತುಕತೆ ನಡೆಸಿ, ವರ್ಷಗಟ್ಟಲೆಯ ಯೋಜನೆಗಳಾಗಿ ಸಾಗುತ್ತದೆ. ಎರಡಕ್ಕೂ ಅನೇಕ ವೇಳೆ ಹಣದ ಮೂಲ, ಕಚೇರಿ, ಅವಧಿ ಎಲ್ಲವೂ ಪ್ರತ್ಯೇಕವಾಗಿರುತ್ತವೆ. ಹೀಗಾಗಿ ತುರ್ತು ಹಣ ಮುಗಿದು ಅಭಿವೃದ್ಧಿಯ ಹಣ ಇನ್ನೂ ಬಾರದ ನಡುವಿನ ತಿಂಗಳುಗಳು ಸಂತ್ರಸ್ತರ ಪಾಲಿಗೆ ಬಹಳ ಕಠಿಣವಾಗುತ್ತವೆ. ತುರ್ತು ನೆರವನ್ನು ನಾವು ‘ಪರಿಹಾರ’ ಎಂದು ಕರೆಯುವುದರಿಂದ, ಅದು ತಲುಪಿದೊಡನೆ ಕಷ್ಟ ಕಳೆಯಿತೆಂಬ ಭಾವನೆಯೂ ಹುಟ್ಟಿಕೊಳ್ಳುತ್ತದೆ.

ಈ ಅಂತರದಲ್ಲಿ ಎಲ್ಲರಿಗಿಂತ ಮೊದಲು ಬೀಳುವವರು ಸೌಲಭ್ಯವಂಚಿತ ಸಮುದಾಯಗಳ ಜನ. ಸೌಲಭ್ಯವಂಚಿತರೆಂದರೆ ಕೇವಲ ಬಡವರಲ್ಲ. ವ್ಯವಸ್ಥೆಯ ದಾಖಲೆಗಳಲ್ಲಿ ಕಾಣಿಸದವರು, ಅಂದರೆ ಗುರುತಿನ ಚೀಟಿಯಿಲ್ಲದವರು, ಜಮೀನಿನ ಹಕ್ಕುಪತ್ರವಿಲ್ಲದವರು, ಆಡಳಿತದ ಭಾಷೆ ಬಾರದವರು, ಅಂಗವೈಕಲ್ಯದಿಂದ ವಿತರಣಾ ಕೇಂದ್ರದವರೆಗೆ ಬರಲಾಗದವರು. ಅಕ್ಕಿಯನ್ನು ಎದುರಿಗೆ ಬಂದವರ ಕೈಗೆ ಕೊಡಬಹುದು. ಮನೆ ಕಟ್ಟಲು ಹಣ ಕೊಡಬೇಕಾದಾಗ ಮಾತ್ರ ನಿವೇಶನ ಯಾರದು ಎಂಬ ಪ್ರಶ್ನೆ ಏಳುತ್ತದೆ, ಬಾಡಿಗೆದಾರರೂ ಒತ್ತುವರಿ ಜಾಗದಲ್ಲಿ ಬದುಕುವವರೂ ಪಟ್ಟಿಯಿಂದ ಹೊರಗುಳಿಯುತ್ತಾರೆ.

ಇದನ್ನು ಕೆರಿಬಿಯನ್ ದೇಶವಾದ ಹೈಟಿಯಷ್ಟು ಸ್ಪಷ್ಟವಾಗಿ ತೋರಿಸಿದ ಉದಾಹರಣೆ ಕಡಿಮೆ. 2010ರ ಜನವರಿ 12ರ ಭೂಕಂಪದ ನಂತರ ಅಲ್ಲಿಗೆ ಜಗತ್ತಿನ ಮೂಲೆಮೂಲೆಗಳಿಂದ ನೆರವಿನ ಭರವಸೆಗಳು ಹರಿದುಬಂದವು. ಆದರೆ ಬಂದ ಹಣದ ಬಹುಪಾಲು ಹೊರಗಿನ ಸಂಸ್ಥೆಗಳ ಮತ್ತು ಗುತ್ತಿಗೆದಾರರ ಮೂಲಕವೇ ಖರ್ಚಾಯಿತು, ಹೈಟಿಯ ಸರ್ಕಾರಕ್ಕೂ ಸ್ಥಳೀಯ ಸಂಘಟನೆಗಳಿಗೂ ನೇರವಾಗಿ ಸಿಕ್ಕಿದ್ದು ಅತ್ಯಲ್ಪ. ಜಮೀನಿನ ದಾಖಲೆಗಳ ಗೊಂದಲದಿಂದ ಮನೆಗಳ ಮರುನಿರ್ಮಾಣ ಕುಂಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಮಲಿನ ನೀರು ನದಿಗೆ ಸೇರಿ ಕಾಲರಾ ಹಬ್ಬಿತು. ಸುಮಾರು 10,000 ಜನ ಸತ್ತರು. ಆಗಿನ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ. ನೆರವಿನ ಹೊಣೆ ಹೊತ್ತವರು ಯಾರಿಗೆ ಉತ್ತರಿಸಬೇಕು, ಕೊಟ್ಟವರಿಗೋ ಪಡೆದವರಿಗೋ ಎಂಬ ಪ್ರಶ್ನೆಗೆ ಆರು ವರ್ಷಗಳ ಆ ವಿಳಂಬವೇ ಒಂದು ಉತ್ತರವೆಂದು ನನಗನ್ನಿಸುತ್ತದೆ.

ಇಂಥ ಅನುಭವಗಳಿಂದಲೇ ‘ಸ್ಥಳೀಯೀಕರಣ’ ಎಂಬ ಪದ ಈ ಕ್ಷೇತ್ರದಲ್ಲಿ ಬಳಕೆಗೆ ಬಂತು. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದಾನಿ ದೇಶಗಳೂ ದೊಡ್ಡ ಸಂಸ್ಥೆಗಳೂ ಸೇರಿ, 2020ರೊಳಗೆ ಮಾನವೀಯ ನೆರವಿನ ಶೇ 25ರಷ್ಟನ್ನು ಆದಷ್ಟು ನೇರವಾಗಿ ಸ್ಥಳೀಯ ಸಂಘಟನೆಗಳಿಗೆ ತಲುಪಿಸುವುದಾಗಿ ಒಪ್ಪಿಕೊಂಡವು. ಅವಧಿ ಮುಗಿದಾಗ ನೇರವಾಗಿ ತಲುಪುತ್ತಿದ್ದ ಪಾಲು ಆ ಗುರಿಯ ಹತ್ತಿರಕ್ಕೂ ಬಂದಿರಲಿಲ್ಲ. ಇದರ ಜೊತೆಗೇ ಬೆಳೆದ ಇನ್ನೊಂದು ಪದ್ಧತಿಯಾದ ನಗದು ನೆರವು ಹೆಚ್ಚು ಭರವಸೆ ಮೂಡಿಸಿದೆ: ಮಾರುಕಟ್ಟೆ ನಡೆಯುತ್ತಿರುವ ಕಡೆ ಧಾನ್ಯದ ಬದಲು ಹಣವನ್ನೇ ಕೊಟ್ಟರೆ, ಔಷಧ ಬೇಕೋ ಬಿತ್ತನೆ ಬೀಜ ಬೇಕೋ ಎಂಬುದನ್ನು ಆ ಕುಟುಂಬವೇ ತೀರ್ಮಾನಿಸುತ್ತದೆ, ಪರಿಹಾರದ ಹಂತದಲ್ಲೇ ಚೇತರಿಕೆಯೂ ಆರಂಭವಾಗುತ್ತದೆ.

ಸಂಸ್ಕೃತದಲ್ಲಿ ‘ಸಹಾಯ’ ಎಂಬ ಪದದ ಮೂಲ ಅರ್ಥ ಜೊತೆಯಲ್ಲಿ ನಡೆಯುವವನು, ಒಡನಾಡಿ ಎಂದು. ಆದರೆ ಆ ಒಡನಾಟ ನಡುದಾರಿಯಲ್ಲೇ ಕಡಿದುಹೋಗುವುದೂ ಉಂಟು. 1961ರಲ್ಲಿ ಸ್ಥಾಪನೆಯಾದ ಅಮೆರಿಕದ ಯುಎಸ್‌ಏಡ್ ಸಂಸ್ಥೆ 2025ರ ಜುಲೈ 1ರಂದು ತನ್ನ ವಿದೇಶಿ ನೆರವಿನ ಕೆಲಸವನ್ನು ಅಧಿಕೃತವಾಗಿ ನಿಲ್ಲಿಸಿ, ಉಳಿದ ಯೋಜನೆಗಳು ವಿದೇಶಾಂಗ ಇಲಾಖೆಯ ಸುಪರ್ದಿಗೆ ಹೋದವು. ಅದಕ್ಕೂ ಮೊದಲೇ, ಆ ವರ್ಷದ ಆರಂಭದ ತಿಂಗಳುಗಳಲ್ಲಿ ರದ್ದಾದ ಗುತ್ತಿಗೆಗಳಿಂದಾಗಿ ಹಲವು ದೇಶಗಳಲ್ಲಿ ಎಚ್‌ಐವಿ ಚಿಕಿತ್ಸೆಯ ಕೇಂದ್ರಗಳು ಬಾಗಿಲು ಮುಚ್ಚಿದ್ದವು.