ಮುಟ್ಟಿನ ರಕ್ತ ಕೆಟ್ಟ ರಕ್ತವಲ್ಲ

ಚಳ್ಳಕೆರೆ ಕಡೆಯ ಒಂದು ಹೈಸ್ಕೂಲಿಗೆ ಮುಟ್ಟಿನ ಬಗ್ಗೆ ಮಾತಾಡಲು ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಕೆಟ್ಟ ರಕ್ತ ಪೂರ್ತಿ ಹೋಗದಿದ್ರೆ ತಲೆಗೆ ಏರುತ್ತಾ ಮೇಡಂ?" ಅವಳ ಅವ್ವ ಹಾಗೆ ಹೇಳಿದ್ದರಂತೆ. ಅವ್ವನಿಗೆ ಅಜ್ಜಿ ಹೇಳಿರಬೇಕು.

ಏರಲ್ಲ. ಬೆರಳು ಕುಯ್ದರೆ ಬರುತ್ತದಲ್ಲ, ಅದೇ ರಕ್ತ ಇದು. ಜೊತೆಗೆ ಗರ್ಭಕೋಶದ ಒಳಪದರವೂ ಬರುತ್ತದೆ.

ಆ ಪದರ ಕಳಚುವ ಬಗೆಯನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಮಳೆಗೆ ಮೊದಲು ಶೇಂಗಾ ಹೊಲ ಹದ ಮಾಡುತ್ತೇವಲ್ವಾ, ಹಾಗೆ ಗರ್ಭಕೋಶ ಪ್ರತಿ ತಿಂಗಳು ಮೆತ್ತನೆಯ ಹಾಸು ಸಿದ್ಧ ಮಾಡುತ್ತದೆ. ಅಂಡಾಶಯದಿಂದ ಅಂಡ ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಉಳಿಯುತ್ತದೆ. ಅದು ಹೊಲದ ಕಾವಲುಗಾರ. ಪ್ರೊಜೆಸ್ಟರಾನ್ ಹಾರ್ಮೋನು ಕಳಿಸುತ್ತಾ ಹಾಸನ್ನು ಕಾಯುತ್ತದೆ. ಅದರ ಪಾಳಿ ಸುಮಾರು 14 ದಿನ. ಬಸಿರಾದರೆ "ಇನ್ನೂ ಇರು" ಎಂದು ಭ್ರೂಣದಿಂದ ಸುದ್ದಿ ಬರುತ್ತದೆ. ಬಾರದಿದ್ದರೆ ಗಂಟು ಬತ್ತುತ್ತದೆ, ಹಾರ್ಮೋನು ಇಳಿಯುತ್ತದೆ. ಆಗ ಆ ಪದರಕ್ಕೆ ರಕ್ತ ಕೊಡುವ ಸುರುಳಿ ನಾಳಗಳು ಬಿಗಿಯುತ್ತವೆ, ಅಡಿಕೆ ತೋಟದ ಡ್ರಿಪ್ ಪೈಪನ್ನು ಮಡಚಿ ಹಿಡಿದ ಹಾಗೆ. ಪದರ ಒಣಗಿದ ತೊಗಟೆಯಂತೆ ಬಿಟ್ಟುಕೊಳ್ಳುತ್ತದೆ. ಅದನ್ನು ಹೊರಹಾಕಲು ಗರ್ಭಕೋಶ ಹಿಂಡಿಕೊಳ್ಳುತ್ತದೆ. ಹೊಟ್ಟೆನೋವು ಬರುವುದು ಅದಕ್ಕೇ. ಒಂದು ಮುಟ್ಟಿಗೆ ಹೋಗುವ ರಕ್ತ ಸಾಮಾನ್ಯವಾಗಿ 30–40 ಮಿಲಿಲೀಟರ್. ಎರಡು ಮೂರು ದೊಡ್ಡ ಚಮಚ.

ಓದಿದವರೂ ಇಲ್ಲಿ ಎಡವಿದ್ದಾರೆ. ಬೇಲಾ ಶಿಕ್ ಡಿಫ್ತೀರಿಯಾ ಎಂಬ ಗಂಟಲು ರೋಗದ ಪರೀಕ್ಷೆಗೆ ಹೆಸರಾದ ವೈದ್ಯರು. ಮುಟ್ಟಾಗಿದ್ದ ಮನೆಗೆಲಸದಾಕೆ ಹಿಡಿದ ಹೂಗಳು ಬಾಡಿದ್ದನ್ನು ಕಂಡು, ಮುಟ್ಟಿನಲ್ಲಿ ವಿಷವಿದೆ ಎಂದು 1920ರಲ್ಲಿ ಬರೆದರು. ಎಷ್ಟೋ ವರ್ಷ ಹುಡುಕಿದರೂ ಆ ವಿಷ ಸಿಗಲೇ ಇಲ್ಲ. ನಮ್ಮ ಸೇವಂತಿಗೆ ಹೊಲಗಳಲ್ಲಿ ಕೂಲಿ ಹೆಣ್ಣುಮಕ್ಕಳು ಮುಟ್ಟಿನ ದಿನವೂ ಹೂ ಬಿಡಿಸುತ್ತಾರೆ, ಒಂದು ದಿನದ ಕೂಲಿ ಬಿಟ್ಟರೆ ನಡೆಯದು. ಆ ಹೂವೇ ಮಾರ್ಕೆಟ್ಟಿಗೂ ಗುಡಿಗೂ ಹೋಗುವುದು.

ಈಗಲೂ ಕೆಲವು ಗೊಲ್ಲರಹಟ್ಟಿಗಳಲ್ಲಿ ಹೊರಗಾದವರು, ಬಾಣಂತಿಯರು ಹಟ್ಟಿಯಾಚೆ ಗುಡಿಸಲಲ್ಲಿರುವ ರೂಢಿ ಇದೆ. ಚಳಿ, ಹಾವು, ಚೇಳು, ಮಡಿಲಲ್ಲಿ ಹಸುಗೂಸು. ನೆನೆದರೆ ಸಂಕಟವಾಗುತ್ತದೆ. ಆದರೆ ಹಟ್ಟಿಗೆ ಹೋಗಿ ಸುಮ್ನೆ ಬೈದರೆ ಯಾರೂ ಕೇಳುವುದಿಲ್ಲ. ಹೊಲ, ಕಾವಲುಗಾರ ಅಂತ ಹೇಳಿದರೆ ಅಜ್ಜಿಯರೂ ಕೂತು ಕೇಳುತ್ತಾರೆ.

ಅವತ್ತು ಹುಡುಗರನ್ನು ಆಟಕ್ಕೆ ಕಳಿಸಿದ್ದರು. ನಾಲ್ಕೈದು ಜನ ಆಡದೆ ಕಿಟಕಿ ಪಕ್ಕ ನಿಂತು ಕಿವಿಗೊಟ್ಟಿದ್ದರು. ನಾಳೆ ಇವರೇ ಗಂಡಂದಿರು, ಅಪ್ಪಂದಿರು. ಮುಂದಿನ ಸಲ ಅವರನ್ನೂ ಒಳಗೇ ಕೂರಿಸಿ ಎಂದು ಮೇಷ್ಟ್ರನ್ನು ಕೇಳಿಕೊಂಡು ಬಂದಿದ್ದೇನೆ.