ಕಂಪ್ಯೂಟರಿಗೆ ಸಾಲು ಪೂರ್ತಿ ಕಾಣುವುದಿಲ್ಲ

ಮಕ್ಕಳಿಗೆ ಸಾರ್ಟಿಂಗ್, ಅಂದರೆ ಕ್ರಮವಾಗಿ ಜೋಡಿಸುವುದನ್ನು, ಕಲಿಸುವುದೆಂದರೆ ಪಕ್ಕಪಕ್ಕದ ಎರಡನ್ನು ಹೋಲಿಸಿ ಅದಲುಬದಲು ಮಾಡುತ್ತಾ ಹೋಗುವ ಬಬಲ್ ಸಾರ್ಟಿನ ಪ್ರೋಗ್ರಾಂ ಬಾಯಿಪಾಠ ಮಾಡಿಸುವುದು ಅಂತ ತುಂಬ ಜನ ತಿಳಿದಿದ್ದಾರೆ. ನನಗೆ ಇದು ಸ್ವಲ್ಪವೂ ಸರಿ ಕಾಣುವುದಿಲ್ಲ. ಎತ್ತರದ ಪ್ರಕಾರ ನಿಲ್ಲಿ ಅಂದರೆ ಮಕ್ಕಳು ಆ ಕ್ಷಣವೇ ನಿಂತುಬಿಡುತ್ತಾರೆ, ಇಷ್ಟಕ್ಕೆ ಪಾಠ ಯಾಕೆ ಅಂತ ಅವರಿಗೆ ಅನಿಸುವುದು ಸಹಜ ಅಲ್ವಾ? ಅವರ ಕಣ್ಣಿಗೆ ಸಾಲು ಪೂರ್ತಿ ಕಾಣುತ್ತದೆ. ಕಂಪ್ಯೂಟರಿಗೆ ಕಾಣುವುದಿಲ್ಲ. ಅದು ಒಂದು ಸಲಕ್ಕೆ ಎರಡನ್ನು ಮಾತ್ರ ಹೋಲಿಸಿ ನೋಡುತ್ತದೆ.

ಹಾಗಾಗಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ನಾನು ಮಕ್ಕಳ ಮುಂದೆ ಇಡುವುದು ಒಂದು ತಕ್ಕಡಿ, ಒಂದೇ ಥರದ ಎಂಟು ಡಬ್ಬಿ. ಒಳಗೆ ಹೆಚ್ಚು ಕಡಿಮೆ ಮರಳು, ಮುಚ್ಚಳಕ್ಕೆ ಟೇಪು. ಅಂದಾಜು ಹೇಳುವ ಹಾಗಿಲ್ಲ, ತಕ್ಕಡಿ ಹೇಳಿದ್ದೇ ಲೆಕ್ಕ. ಒಂದು ಸಲ ತೂಗಿದರೆ ಬೋರ್ಡಿನಲ್ಲಿ ಒಂದು ಗೀಟು.

ಪ್ರತಿ ಡಬ್ಬಿಯನ್ನೂ ಉಳಿದ ಎಲ್ಲದರ ಜೊತೆ ತೂಗಿದರೆ 28 ಗೀಟು. ಎರಡೆರಡರ ಜೋಡಿ ಮಾಡಿ, ಜೋಡಿಗಳನ್ನು ಕೂಡಿಸಿ ನಾಲ್ಕರ ಸಾಲು ಮಾಡಿ, ಆಮೇಲೆ ಎರಡು ಸಾಲನ್ನು ಒಂದಾಗಿಸಿದರೆ ಹೆಚ್ಚೆಂದರೆ 17. ಹೇಗೆ? ಸಾಲುಗಳಲ್ಲಿ ಹಗುರದ್ದು ಆಗಲೇ ಮುಂದೆ ನಿಂತಿದೆ. ಎಂಟರಲ್ಲಿ ಎಲ್ಲಕ್ಕಿಂತ ಹಗುರದ್ದು ಮುಂದಿನ ಆ ಎರಡರಲ್ಲೇ ಒಂದಾಗಿರಬೇಕು, ಹಿಂದಿನವನ್ನು ಮುಟ್ಟುವ ಕೆಲಸವೇ ಇಲ್ಲ. ಅದನ್ನು ತೆಗೆದಿಟ್ಟ ಮೇಲೆ ಮತ್ತೆ ಮುಂದಿನ ಎರಡನ್ನೇ ತೂಗಿದರೆ ಸಾಕು. ಇದು ಮರ್ಜ್ ಸಾರ್ಟ್, 1945ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಬರೆದದ್ದು. ಡಬ್ಬಿ ಸಾವಿರವಾದರೆ ಮೊದಲ ದಾರಿಗೆ 4,99,500 ಗೀಟು ಬೇಕು, ಇದಕ್ಕೆ 8,977 ದಾಟುವುದಿಲ್ಲ!

ಇನ್ನೂ ಕಡಿಮೆ ಮಾಡಬಹುದಾ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಎಂಟು ಡಬ್ಬಿಯನ್ನು 40,320 ಥರ ಸಾಲಾಗಿ ಇಡಬಹುದು. ಒಂದು ತೂಕ ಕೊಡುವುದು ಎರಡರಲ್ಲೊಂದು ಉತ್ತರ. 15 ಉತ್ತರ ಸೇರಿದರೂ, ಅಂದರೆ ಎರಡನ್ನು 15 ಸಲ ಗುಣಿಸಿದರೂ, ಬೇರೆ ಬೇರೆ ಅಂತ ಗುರುತಿಸಲು ಆಗುವುದು 32,768 ಸಾಲುಗಳನ್ನು ಮಾತ್ರ. ಹಾಗಾಗಿ 16ಕ್ಕಿಂತ ಕಡಿಮೆಯಲ್ಲಿ ಮುಗಿಸುತ್ತೇನೆ ಅಂತ ಯಾರೂ ಖಾತ್ರಿ ಕೊಡಲಾರರು, ಎಷ್ಟು ಬುದ್ಧಿವಂತರಾದರೂ.

ತುಳು, ಮಲಯಾಳ, ಕನ್ನಡದ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಕತೆಯನ್ನೂ ಹೇಳಬೇಕು. 1959ರಲ್ಲಿ ಅವರು ಮಾಸ್ಕೋದಲ್ಲಿ ಓದುತ್ತಿದ್ದರು. ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತರುವ ಕೆಲಸ. ನಿಘಂಟು ಇದ್ದದ್ದು ಉದ್ದದ ಮ್ಯಾಗ್ನೆಟಿಕ್ ಟೇಪಿನಲ್ಲಿ, ವಾಕ್ಯದ ಪದಗಳನ್ನು ಮೊದಲೇ ಅಕ್ಷರದ ಕ್ರಮಕ್ಕೆ ತಂದರೆ ಟೇಪನ್ನು ಹಿಂದೆ ಮುಂದೆ ಓಡಿಸುವುದು ತಪ್ಪುತ್ತದೆ. ಆ ಅಗತ್ಯದಿಂದ ಹುಟ್ಟಿದ್ದು ಸಾರ್ಟಿಂಗಿನ ಇನ್ನೊಂದು ದಾರಿ, ಕ್ವಿಕ್ ಸಾರ್ಟ್.

ಒಬ್ಬಳು ಹುಡುಗಿ ಕೇಳಿದಳು: "ಮಾಷ್ಟ್ರೇ, ಮನೆಯಲ್ಲಿ ಅಡಿಕೆ ಹೆಕ್ಕುವಾಗ ನಾವು ಎರಡೆರಡು ಹಿಡಿದು ನೋಡುವುದೇ ಇಲ್ಲವಲ್ಲ?" ಎಂಥ ಚಂದದ ಪ್ರಶ್ನೆ! ಪಟೋರ, ಉಳ್ಳಿ, ಕರಿಗೋಟು ಅಂತ ಅಡಿಕೆಯ ದರ್ಜೆ ನೋಡಿದ ಕೂಡಲೇ ಆಯಾ ರಾಶಿಗೆ ಎಸೆಯುತ್ತಾರೆ. ಅಡಿಕೆಗೂ ಅಡಿಕೆಗೂ ಹೋಲಿಕೆಯೇ ಇಲ್ಲ. ನಾನು ಹೇಳಿದ ಮಿತಿ ಹೋಲಿಸಿಯೇ ಕೆಲಸ ಮಾಡುವವರಿಗೆ ಮಾತ್ರ.

ಕಂಪ್ಯೂಟರಿನಲ್ಲಿ ಇದಕ್ಕೆ ಹತ್ತಿರದ ದಾರಿ ರೇಡಿಕ್ಸ್ ಸಾರ್ಟ್. ಪಿನ್ ಕೋಡ್ ಬರೆದ ಚೀಟಿಗಳನ್ನು ಮೊದಲು ಕೊನೆಯ ಅಂಕಿಯ ಪ್ರಕಾರ ಹತ್ತು ರಾಶಿ ಮಾಡಿ, ಸೊನ್ನೆಯಿಂದ ಒಂಬತ್ತರವರೆಗೆ ಒಟ್ಟುಗೂಡಿಸಿ, ಆಮೇಲೆ ಅದರ ಎಡಗಡೆಯ ಅಂಕಿ, ಹೀಗೆ ಆರು ಸುತ್ತು. ಹಿಂದಿನ ಸುತ್ತಿನ ಕ್ರಮ ಮಾತ್ರ ಎಲ್ಲಿಯೂ ಕೆಡಬಾರದು. ಒಂದೇ ಒಂದು ರಾಶಿಯ ಚೀಟಿಗಳನ್ನು ಸುಮ್ನೆ ಕಲಸಿ ಎತ್ತಿದರೂ ಅಷ್ಟರವರೆಗಿನ ಕೆಲಸ ಹಾಳು.