ಧಾಟಿಗೆ ಅಂಕಿತ ಎಲ್ಲಿದೆ?

ಕಳೆದ ಶ್ರಾವಣದಲ್ಲಿ ದಾವಣಗೆರೆಯ ವಿದ್ಯಾನಗರದ ಮನೆಯೊಂದರ ಪಡಸಾಲೆಯಲ್ಲಿ ಭಜನಾ ಮಂಡಳಿಯ ತಾಲೀಮು ನೋಡುತ್ತ ಕುಳಿತಿದ್ದೆ. ಹೊಸ ಹಾಡಿಗೆ ರಾಗ ಹಾಕಿದ್ದು ಆ ಮನೆಯೊಡತಿ. ಕೀಬೋರ್ಡ್ ನುಡಿಸುವ ಹುಡುಗನಿಗೆ ಮೂರು ಸಲ ಹೇಳಿದರು: "ಪಲ್ಲವಿಯ ಕೊನೆಯಲ್ಲಿ ಎಳೆಯಬೇಡಪ್ಪ, ಅಲ್ಲೇ ಕಡಿ." ಅವನು ಕಡಿದ, ಹಾಡು ನೆಟ್ಟಗೆ ನಿಂತಿತು. ವಾರದ ನಂತರ ಬಂದ ಆಮಂತ್ರಣ ಪತ್ರಿಕೆಯಲ್ಲಿ 'ಸಂಗೀತ ಸಂಯೋಜನೆ' ಎಂಬುದರ ಮುಂದೆ ಹುಡುಗನ ಹೆಸರು. ಆಕೆ ಬರೀ 'ಗಾಯನ'. ಕಾರ್ಯಕ್ರಮದ ದಿನ ವಾದ್ಯದವರಿಗೆ ಲಕೋಟೆ ಸಿಕ್ಕಿತು, ಆಕೆಗೆ ಉಡಿ ತುಂಬಿ ಕಳಿಸಿದರು. ಕೇಳಿದರೆ, "ಹೋಗಲಿ ಬಿಡಿ, ನನಗೆಲ್ಲಿ ಸ್ವರ ಬರೆಯಲು ಬರುತ್ತದೆ?" ಎಂದರು.

ಈ ಮಾತಿನ ಬೇರು ಹುಡುಕಿದರೆ ಮಲೇಬೆನ್ನೂರಿನ ಬಳಿಯ ಕೊಮಾರನಹಳ್ಳಿಗೆ ಹೋಗಬೇಕು. ಅಲ್ಲಿನ ಹೆಳವನಕಟ್ಟೆ ರಂಗನಾಥನನ್ನು ನೆಚ್ಚಿ 18ನೇ ಶತಮಾನದಲ್ಲಿ ಗಿರಿಯಮ್ಮ ಕೀರ್ತನೆಗಳನ್ನು ಕಟ್ಟಿದರು. ಚಂದ್ರಹಾಸನ ಕಥೆ, ಸೀತಾ ಕಲ್ಯಾಣದಂತಹ ನೀಳ ಹಾಡುಗಬ್ಬಗಳನ್ನೂ ರಚಿಸಿದರು. ಅವು ಹೆಂಗಸರ ಬಾಯಲ್ಲಿ ಮನೆಯಿಂದ ಮನೆಗೆ ದಾಟಿ ಬಂದವು. ಹಾಡಿನ ಕೊನೆಯಲ್ಲಿ ರಚಿಸಿದವರ ಗುರುತಾಗಿ ಬರುವ ಅಂಕಿತ ದೇವರ ಹೆಸರಾದರೂ ಅದನ್ನು ಕೇಳಿದೊಡನೆ ಹಾಡು ಯಾರದೆಂದು ತಿಳಿಯುತ್ತದೆ. ಆದರೆ ಅಂಕಿತ ಕಾದದ್ದು ಸಾಹಿತ್ಯವನ್ನು ಮಾತ್ರ. ಗಿರಿಯಮ್ಮ ಯಾವ ಧಾಟಿಯಲ್ಲಿ ಹಾಡಿಕೊಂಡರೋ ಅದನ್ನು ಯಾರೂ ಬರೆದಿಡಲಿಲ್ಲ. ಅಕ್ಕಮಹಾದೇವಿಯ ವಚನಗಳ ಕಥೆಯೂ ಇದೇ. ಇಂದು ನಾವು ಕೇಳುವ ರಾಗಗಳು ತೀರಾ ಈಚಿನವು.

ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿಯ ಅದೃಷ್ಟ ಸ್ವಲ್ಪ ಬೇರೆ. ಅಕ್ಷರ ಬಾರದ, ಸಾವಿರಾರು ಪದ ಬಲ್ಲ ಆಕೆಯ ಎದುರು, ಆಕೆ ಬದುಕಿದ್ದಾಗಲೇ ಕೂತು ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವುಗಳನ್ನು ದಾಖಲಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಇಂಥವರನ್ನು ನಾವು 'ಜನಪದ ಕಣಜ' ಎನ್ನುತ್ತೇವೆ. ನನಗೆ ಆ ಬಿರುದು ಅಷ್ಟು ಹಿಡಿಸುವುದಿಲ್ಲ. ಕಣಜ ಬೇರೆಯವರು ಬೆಳೆದದ್ದನ್ನು ತುಂಬಿಟ್ಟುಕೊಳ್ಳುತ್ತದೆ, ತಾನೇನೂ ಬೆಳೆಯುವುದಿಲ್ಲ.

ಕಾನೂನಿನ ಕಣ್ಣೂ ಬಹುಕಾಲ ಹೀಗೇ ಇತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಮೂಲ ವ್ಯಾಖ್ಯೆಯಲ್ಲಿ ಅಚ್ಚಾದ, ಬರೆದ ಅಥವಾ ಗುರುತು ಹಾಕಿದ ಸ್ವರಸಂಯೋಜನೆ ಮಾತ್ರ ಸಂಗೀತ ಕೃತಿ. ಬಾಯಲ್ಲೇ ಕಟ್ಟಿ ಬಾಯಲ್ಲೇ ಕಲಿಸುವ ಹೆಂಗಸು ಅದರ ಬಾಗಿಲಲ್ಲೇ ನಿಂತಳು. 1994ರ ತಿದ್ದುಪಡಿ ಅದನ್ನು ಬದಲಿಸಿತು: ಸ್ವರಲಿಪಿ ಇರಲಿ ಬಿಡಲಿ, ಸಂಗೀತ ರಚಿಸಿದವರೇ ಸಂಯೋಜಕರು. ನೋಂದಣಿಯೂ ಕಡ್ಡಾಯವಲ್ಲ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಹೋಗಿ, ಧ್ವನಿಮುದ್ರಿಕೆಯಲ್ಲಿ ಬಳಸಿದ ಸಂಗೀತಕ್ಕೆ ಬರುವ ರಾಯಧನದಲ್ಲಿ ಸಂಯೋಜಕರ ಸಮಪಾಲನ್ನು ಕಂಪನಿ ತನ್ನ ಹೆಸರಿಗೆ ಬರೆಸಿಕೊಳ್ಳದಂತೆ ತಡೆಯಿತು. ಪರಂಪರೆಯ ಧಾಟಿ ಊರಿನದು, ನಿಜ. ವಿದ್ಯಾನಗರದ ಆ ಹೊಸ ಧಾಟಿ ಊರಿನದಲ್ಲ.

ಇದನ್ನೆಲ್ಲ ಹೇಳಿದಾಗ ಹೆಚ್ಚು ಪೆಚ್ಚಾದವನು ಕೀಬೋರ್ಡ್ ಹುಡುಗ. ಪತ್ರಿಕೆ ಅಚ್ಚು ಹಾಕಿಸಿದವನು ಅವನಲ್ಲ. ಈಗ ಆ ಮನೆಯೊಡತಿಯ ಪಡಸಾಲೆಯಲ್ಲಿ ಹೊಸ ಹಾಡಿನ ತಾಲೀಮು ಇದ್ದರೆ ಮೊದಲು ಮೊಬೈಲ್ ಚಾಲೂ ಮಾಡಿ ಅವರ ಮುಂದೆ ಇಡುತ್ತಾನೆ. ಅವರು ಗಂಟಲು ಸರಿಮಾಡಿಕೊಂಡು ತಮ್ಮ ಹೆಸರು, ಊರು, ತಾರೀಕು ಹೇಳುತ್ತಾರೆ, ಸ್ವಲ್ಪ ನಾಚಿಕೆಯಿಂದಲೇ. ಆಮೇಲೆ ಪಲ್ಲವಿ.